ಅಂಜಿದ ಕೆನ್ನೆ

ಆಸ್ಪತ್ರೆಯಲ್ಲಿ ಎಲ್ಲರೂ ಅವರನ್ನು ಮೂಗಿನ ಮೇಷ್ಟ್ರು ಎನ್ನುತ್ತಿದ್ದರು. ಕಾಯಿಲೆಯೋ ಅಪಘಾತವೋ ಮುಖದಿಂದ ಕಿತ್ತುಕೊಂಡದ್ದನ್ನು ಸಿಲಿಕೋನಿನಲ್ಲಿ ಮಾಡಿ ಕೂರಿಸುವುದು ಅವರ ಕೆಲಸ. ಮೂಗು, ಕಿವಿ, ಕಣ್ಣು ಮಾಡಿ ಮಾಡಿ ಮನುಷ್ಯ ಹೈರಾಣಾಗಿದ್ದರು. ಈ ಹೊಲಿಗೆಯಾಕೆಯ ಕೆಲಸವಂತೂ ಅವರನ್ನು ಹಿಂಡಿಹಾಕಿತ್ತು. ಕ್ಯಾನ್ಸರ್ ಅವಳ ಎಡಗಣ್ಣು, ಕೆನ್ನೆ, ಅರ್ಧ ಮೂಗನ್ನು ತಿಂದುಹಾಕಿತ್ತು. ಅಂದಿನಿಂದ ಅವಳು ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಹೊಲಿಯುತ್ತಿದ್ದಳು. ಮುಂದಿನ ಮೆಷಿನ್ನಿಗೆ, ಗಿರಾಕಿಗಳ ಎದುರಿಗೆ, ಮತ್ತೆ ಬಂದು ಕೂರಬೇಕೆಂಬುದೊಂದೇ ಅವಳ ಆಸೆ.

ಮಾಡಿದ ಕೆನ್ನೆಯನ್ನು ಒಂದು ವಾರ ಮನೆಯಲ್ಲಿ ಹಾಕಿ ನೋಡಲು ಕೊಟ್ಟಿದ್ದರು. ಇವತ್ತಿಗೆ ಮುಗಿಯಿತಪ್ಪಾ ಎಂದುಕೊಂಡು ಅವಳನ್ನು ಕಿಟಕಿಯ ಬೆಳಕಿಗೆ ಕೂರಿಸಿ ನೋಡಿದರೆ, ಸಿಲಿಕೋನಿನ ಅಂಚು ಎಲ್ಲಿದೆಯೆಂದು ಅವರಿಗೇ ತಿಳಿಯಲಿಲ್ಲ.

"ಇಲ್ಲೇನೋ ಚೆನ್ನಾಗೇ ಇದೆ," ಎಂದಳು ಜೊತೆಗೆ ಬಂದಿದ್ದ ಅಕ್ಕ. "ಮನೇಲಿ ಮಾತ್ರ ಯಾರದೋ ಕೆನ್ನೆ ತಂದು ಅಂಟಿಸಿದ ಹಾಗಿರುತ್ತೆ."

"ಅದೇ ಕೆನ್ನೆ, ಅದೇ ಮುಖ. ಮನೇಲಿ ಹೇಗಮ್ಮ ಕೆಡುತ್ತೆ?" ಮೇಷ್ಟ್ರಿಗೆ ರೇಗಿತು.

"ಹೀಗೆ, ನೋಡಿ," ಎಂದು ಅಕ್ಕ ತಂಗಿಯತ್ತ ತಿರುಗಿದಳು. "ಏನೇ, ಆ ಯಜಮಾನರ ಅಂಗಿಯ ಕತ್ತನ್ನೇ ಹೊಲಿದು ಮುಚ್ಚಿದ್ದೆಯಲ್ಲ, ಅವರು ಒಳಗಿಂದಲೇ 'ಲೈಟ್ ಹಾಕ್ರೀ' ಅಂತ ಕೂಗಿದ್ರಲ್ಲ!"

ತಂಗಿ ಕಿಸಕ್ಕನೆ ನಕ್ಕಳು. ಬಲಗೆನ್ನೆಗೆ ರಕ್ತ ನುಗ್ಗಿತು. ಸಿಲಿಕೋನಿನ ಕೆನ್ನೆ ಬಿಳಿಚಿಕೊಂಡೇ ಇತ್ತು.

ಮೇಷ್ಟ್ರಿಗೆ ಆಗ ಹೊಳೆಯಿತು. ಬಣ್ಣ ಬೆರೆಸಿದ ದಿನಗಳಲ್ಲೆಲ್ಲ ಅವಳು ಇದೇ ಕುರ್ಚಿಯಲ್ಲಿ ಹೆದರಿ ಮುದುಡಿ ಕೂತಿದ್ದಳು. ಬಲಗೆನ್ನೆಯ ಆ ಹೆದರಿಕೆಯ ಬಣ್ಣವನ್ನೇ ಇವರು ಕೂದಲೆಳೆಯಷ್ಟೂ ತಪ್ಪದೆ ಬೆರೆಸಿದ್ದರು. ಒಳಗೇ ಸೇರಿಹೋದ ಬಣ್ಣ, ಮೇಲೆ ಹಚ್ಚಿದರೆ ಸರಿಹೋಗದು. ಮತ್ತೆ ಎರಕ ಹೊಯ್ಯಬೇಕು. ಎಲ್ಲ ಮೊದಲಿನಿಂದ. ಯಾರು ಅಷ್ಟೆಲ್ಲ ಗಮನಿಸುತ್ತಾರೆ, ಬಿಡು, ಎಂದಿತು ಮನಸ್ಸು.

ಅವರ ದಣಿದ ಮುಖ ನೋಡಿ ಹೊಲಿಗೆಯಾಕೆ ಮೆಲ್ಲಗೆ ಅಂದಳು, "ತುಂಬ ತೊಂದ್ರೆ ಕೊಟ್ಟೆ ಸಾರ್. ಇದೇ ಸಾಕು. ಅಂಗಡೀಲಿ ನಾನು ನಗದೇ ಇದ್ರಾಯ್ತು."

ಹೂಂ ಅಂದಿದ್ದರೆ ಮುಗಿದುಹೋಗುತ್ತಿತ್ತು. ಮೇಷ್ಟ್ರು ಅಂಗಿಯ ತೋಳು ಮೇಲೇರಿಸಿದರು.

"ತೆಗೀರಮ್ಮ ಅದನ್ನ," ಎಂದರು. ಅಕ್ಕನಿಗೂ ಒಂದು ಕುರ್ಚಿ ಎಳೆದು ಹಾಕಿದರು. "ನೀವಿಲ್ಲಿ ಕೂತ್ಕೊಳ್ಳಿ. ನಾನು ಬಣ್ಣ ಬೆರೆಸೋವರೆಗೂ ಇವರನ್ನ ನಗಿಸ್ತಾ ಇರಬೇಕು."

"ಆಮೇಲೆ ಹೆದರಿದಾಗ ಬೇರೆ ಕಾಣಲ್ವಾ ಸಾರ್?" ಎಂದಳು ಅಕ್ಕ.

"ಹೆದರಿಕೆ ಆದ ದಿನ ಹಳೇದು ಹಾಕ್ಕೊಳ್ಳಲಿ!"

ಹೊಲಿಗೆಯಾಕೆಗೆ ನಗು ತಡೆಯಲಾಗಲಿಲ್ಲ. ಬರಿಮುಖಕ್ಕೆ ಕೈ ಅಡ್ಡ ಹಿಡಿಯುವುದನ್ನೂ ಮರೆತು ನಕ್ಕಳು. ಮೇಷ್ಟ್ರು ಗಡಿಬಿಡಿಯಿಂದ ಕೆಂಪು ಬಣ್ಣದ ಬಾಟಲಿಗೆ ಕೈ ಹಾಕಿದರು.