ಹೊನ್ನೆ ಬೊಡ್ಡೆಯ ಅಚ್ಚು

ನನ್ನ ಚಿತ್ರದ ಕೆಳಗೆ ತಮ್ಮ ಹೆಸರೂ ಇರಬೇಕೆಂಬುದು ನಮ್ಮ ಮನೆಯವರ ಬಹುಕಾಲದ ಆಸೆ. ಮಹಾಂತೇಶ್ ಎಂದರೆ ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದಲ್ಲಿ ಗೊತ್ತಿಲ್ಲದವರಿಲ್ಲ. ಮರದ ಪೆಟ್ಟಿಗೆ ಮಾಡುವ ಸಣ್ಣ ಕಾರ್ಖಾನೆ ಅವರದು. ಬೋರ್ಡಿನ ಮೇಲೆ ಅಷ್ಟುದ್ದ ಹೆಸರಿದ್ದರೂ ಅವರಿಗೆ ಸಾಲದು.

"ಬೊಡ್ಡಿ ಹುಡುಕೋನು ನಾನು, ಹಾಳಿ ಹಿಡಿಯೋನು ನಾನು. ಸಹಿ ಮಾತ್ರ ನಿಂದಾ, ವಾಣಿ?"

"ಅಡಿಗೆ ಚೆನ್ನಾಗೈತೆ ಅಂದ್ರೆ ಸೌದೆ ತಂದೋರನ್ನ ಹೊಗಳ್ತಾರೇನ್ರಿ?" ಎಂದು ನಾನು ಬಾಯಿ ಮುಚ್ಚಿಸುತ್ತಿದ್ದೆ. ಇಬ್ಬರೂ ನಗುತ್ತಿದ್ದೆವು.

ನನ್ನ ಕೆಲಸ ಕಾಡಿನಲ್ಲಿ. ಮರ ಹೋದ ಮೇಲೆ ನೆಲದಲ್ಲಿ ಉಳಿದ ಬೊಡ್ಡೆಯನ್ನು ನುಣ್ಣಗೆ ಉಜ್ಜಿ, ಮೇಲ್ಮೈಯನ್ನು ತುಸು ಸುಡುತ್ತೇನೆ. ಮೆದು ಭಾಗ ಸುಟ್ಟು ತಗ್ಗಾಗುತ್ತದೆ, ಗಟ್ಟಿ ಉಂಗುರಗಳು ಎದ್ದು ನಿಲ್ಲುತ್ತವೆ. ಕಪ್ಪು ಮಸಿ ಹಚ್ಚಿ, ತೆಳು ಹಾಳೆ ಹಾಸಿ, ಚಮಚದ ಬೆನ್ನಿನಿಂದ ಉಜ್ಜಿದರೆ ಮರದ ಆಯಸ್ಸೆಲ್ಲ ಹಾಳೆಗೆ ಇಳಿಯುತ್ತದೆ. ಕಡಿದ ಮರವಾದರೆ ನಡುವೆ ಅಡ್ಡಲಾಗಿ ಒಂದು ಹರಕು ಪಟ್ಟಿಯೂ ಮೂಡುತ್ತದೆ. ಒಂದು ಮಗ್ಗುಲಿಂದ ಕೊಡಲಿ, ಇನ್ನೊಂದು ಮಗ್ಗುಲಿಂದ ಗರಗಸ ಬಂದಾಗ ನಡುವೆ ಉಳಿದ ಮರ ತನ್ನ ಭಾರಕ್ಕೆ ತಾನೇ ಹರಿಯುವ ಜಾಗ ಅದು. ಗಾಳಿಗೆ ಬಿದ್ದ ಮರದ ಬೊಡ್ಡೆಯಲ್ಲಿ ಆ ಪಟ್ಟಿ ಇರುವುದಿಲ್ಲ; ಆಮೇಲೆ ಸಮ ಕೊಯ್ದರೂ, ಮೇಲೆ ಭಾರವಿಲ್ಲದ್ದರಿಂದ ನಾರು ಹರಿಯುವುದಿಲ್ಲ.

ನನ್ನದೊಂದು ಹಟವಿತ್ತು. ಯಾರೋ ಎಂದೋ ಕಡಿದು ಬಿಟ್ಟದ್ದು, ಇಲ್ಲವೇ ತಾನಾಗಿ ಬಿದ್ದದ್ದು, ಅಷ್ಟೇ. ನನ್ನ ಚಿತ್ರಕ್ಕೋಸ್ಕರ ಒಂದು ರೆಂಬೆಗೂ ಕೊಡಲಿ ತಾಗಬಾರದು. ಮದುವೆಯಾದ ಹೊಸತರಲ್ಲೇ ಇದನ್ನು ಹೇಳಿದ್ದೆ. ಮಹಾಂತೇಶ್ ಕೊರಳಲ್ಲಿದ್ದ ಲಿಂಗ ಮುಟ್ಟಿ "ಆಯ್ತು" ಎಂದಿದ್ದರು.

ಹರಿಹರದಾಚೆ, ಅವರ ಸೋದರಮಾವ ಕೆಂಚವೀರಪ್ಪನವರ ಹೊಲ ಮುಗಿದು ಗುಡ್ಡದ ಕಾಡು ಶುರುವಾಗುವಲ್ಲಿ ಒಂದು ಹೊನ್ನೆ ಮರವಿತ್ತು. ನಾವಿಬ್ಬರೂ ಕೈ ಹಿಡಿದು ತಬ್ಬಿದರೂ ಒಂದು ಗೇಣು ಉಳಿಯುತ್ತಿತ್ತು. ಕಾಡಿಗೆ ಹೋದಾಗಲೆಲ್ಲ ಬುತ್ತಿ ಬಿಚ್ಚುತ್ತಿದ್ದುದು ಅದರ ನೆರಳಲ್ಲೇ.

"ಇದು ತಾನಾಗಿ ಬಿದ್ದ ದಿನ ನಾನಿದ್ರೆ ಅಚ್ಚು ತೆಗೀತೀನಿ," ಎನ್ನುತ್ತಿದ್ದೆ. "ಇಲ್ಲಾಂದ್ರೆ ಬ್ಯಾಡ."

ತೊಂಬತ್ತೆಂಟರ ಬೇಸಿಗೆಯಲ್ಲಿ ಬೆಂಗಳೂರಿನ ಪ್ರದರ್ಶನವೊಂದಕ್ಕೆ ಕರೆ ಬಂತು. ಗೋಡೆ ತುಂಬುವಂಥ ಅಚ್ಚು ಬೇಕಂತೆ. ಅಷ್ಟು ದೊಡ್ಡದು ನನ್ನ ಬಳಿ ಇರಲಿಲ್ಲ, ಇಲ್ಲವೆಂದು ಹೇಳಿ ಸುಮ್ಮನಾದೆ. ಸುಮ್ಮನಾಗದವರು ನಮ್ಮ ಮನೆಯವರು.

ಮುಂಗಾರಿಗೆ ಮುಂಚಿನ ಗಾಳಿ ಎದ್ದಿದ್ದ ದಿನಗಳು. ಒಂದು ಸಂಜೆ ಚಪ್ಪಲಿ ಕಳಚದೆ ಬಂದು ಕುಳಿತರು.

"ವಾಣಿ, ಹೊನ್ನಿ ಮರ ಬಿತ್ತು. ಮೊನ್ನಿ ಗಾಳಿಗೆ ಬುಡದಿಂದ ಮಾರುದ್ದ ಮೇಲೆ ಮುರೀತು. ಮಾವ ಕೆಳಗೆ ಸಮ ಕೊಯ್ಸಿ, ಮರ ಸಾಗಿಸಿದ್ರು."

ಹೆತ್ತವರನ್ನು ಕಳೆದುಕೊಂಡಂತೆ ಅತ್ತೆ. ಅವರು ನೀರು ತಂದುಕೊಟ್ಟರು, ಬೆನ್ನು ಸವರಿದರು. "ಬೊಡ್ಡಿ ಐತೆ. ನಾನೇ ಉಜ್ಜಿ, ಸುಟ್ಟು ಇಟ್ಟೀನಿ. ನೀ ಅಳಾದು ಬಿಟ್ಟು ಹಾಳಿ ರೆಡಿ ಮಾಡು," ಎಂದರು. ನನ್ನ ಗಂಡನಂಥವರು ಯಾರಿಗೂ ಸಿಗುವುದಿಲ್ಲ ಎಂದುಕೊಂಡೆ. ಈಗ ನೆನೆದರೆ ಮೈಯೆಲ್ಲ ಉರಿಯುತ್ತದೆ.

ಮಾರನೆಯ ಬೆಳಿಗ್ಗೆ ಇಬ್ಬರೂ ಹೋದೆವು. ಬೊಡ್ಡೆಯ ಅಂಚಿನಲ್ಲಿ ಹೊನ್ನೆಯ ಕೆಂಪು ಅಂಟು ಇನ್ನೂ ಹಸಿಯಾಗಿತ್ತು. ಮಸಿ ಹಚ್ಚಿದೆ, ಹಾಳೆ ಹಾಸಿದೆ, ಬಿಸಿಲೇರುವವರೆಗೂ ಉಜ್ಜಿದೆ. ಅಷ್ಟು ದೊಡ್ಡ ಹಾಳೆಯನ್ನು ಒಬ್ಬರೇ ಎತ್ತಲು ಬರುವುದಿಲ್ಲ. ಆ ಕಡೆ ಅವರು, ಈ ಕಡೆ ನಾನು ಹಿಡಿದು ಮೆಲ್ಲಗೆ ಬಿಡಿಸಿದೆವು.

ಅಂಥ ಅಚ್ಚನ್ನು ನಾನು ಹಿಂದೆ ತೆಗೆದಿಲ್ಲ, ಮುಂದೆ ತೆಗೆಯುವುದೂ ಇಲ್ಲ. ಕೂದಲೆಳೆಯಷ್ಟು ಸಣ್ಣ ಉಂಗುರವೂ ಬಂದಿತ್ತು. ಆದರೆ ನಡುವೆ, ಅಡ್ಡಲಾಗಿ, ಮೂರು ಬೆರಳಗಲದ ಪಟ್ಟಿಯೊಂದು ಬರೀ ಕಪ್ಪಗಿತ್ತು. ಉಂಗುರಗಳು ಅಲ್ಲಿಗೆ ಬಂದು ನಿಂತು, ಆಚೆಯಿಂದ ಮತ್ತೆ ಹೊರಟಿದ್ದವು. ಹಾಳೆಯನ್ನು ಹುಲ್ಲಿನ ಮೇಲೆ ಇಡಿಸಿ, ಬೊಡ್ಡೆಯ ಆ ಜಾಗವನ್ನು ಚಾಕುವಿನಿಂದ ಕೆದಕಿದೆ. ಗರಗಸದ ಪುಡಿಯನ್ನು ಗೋಂದಿನಲ್ಲಿ ಕಲಸಿ ಮೆತ್ತಿದ್ದರು, ಪೆಟ್ಟಿಗೆಯ ತೂತು ಮುಚ್ಚುವ ಹಾಗೆ. ಅದರಡಿ ಹರಿದ ನಾರು ಸಿಕ್ಕಿತು.

"ಇದನ್ನ ಯಾಕ ತುಂಬಿದ್ರಿ?"

"ಬಿರುಕು ಬಿಟ್ಟಿತ್ತು."

"ಬಿರುಕು ತಿರುಳಿಂದ ಹೊರಗೆ ಹೋಗ್ತೈತ್ರಿ. ಇದು ಅಡ್ಡ ಐತೆ. ನಿಂತ ಮರ ಕಡಿಸೀರಿ ನೀವು."

ಮಹಾಂತೇಶ್ ಗುಡ್ಡದ ಕಡೆ ಮುಖ ತಿರುಗಿಸಿದರು. "ನಿನಗೋಸ್ಕರನೇ ವಾಣಿ. ಇಷ್ಟು ದೊಡ್ಡದು ಇನ್ಯಾರ ಹತ್ರ ಐತೆ ಹೇಳು? ಅದು ಬೀಳೋತನ ನಾವಿರ್ತಿದ್ವಾ?"

"ನಾನು ಅಳುವಾಗ ನೀರು ತಂದುಕೊಟ್ರಲ್ಲ. ಬೆನ್ನು ಸವರಿದ್ರಲ್ಲ. ಅದು ಹೆಂಗೆ ಮನಸ್ಸು ಬಂತ್ರಿ?"

ಅವರ ಕೈ ರೂಢಿಯಂತೆ ಎದೆಯ ಮೇಲಿನ ಲಿಂಗದ ಕಡೆ ಏರಿ, ಅರ್ಧದಲ್ಲೇ ನಿಂತಿತು. ಮರ ಕಡಿಸಿದ್ದು ನನಗೆ ಸಂಕಟ. ಆದರೆ ನನ್ನನ್ನು ಅಳಿಸಿ, ತಾವೇ ಸಮಾಧಾನ ಮಾಡಿ, ಆ ಅಳುವಿನಿಂದಲೇ ಕೆಲಸ ಮಾಡಿಸಿಕೊಂಡರಲ್ಲ, ಅದನ್ನು ನಾನು ಕ್ಷಮಿಸಲಾರೆ.

ಚೀಲದಿಂದ ಪೆನ್ಸಿಲ್ ತೆಗೆದು ಅವರ ಕೈಗಿಟ್ಟೆ.

"ಸಹಿ ಹಾಕ್ರಿ. ಇದು ನಿಮ್ಮ ಚಿತ್ರ."

"ಹಂಗನ್ನಬ್ಯಾಡ."

"ನಿಮ್ಮ ಬಹಳ ದಿನದ ಆಸೆ ಅಲ್ಲೇನ್ರಿ? ಹಾಕ್ರಿ. ನನ್ನ ಹೆಸರು ಪಕ್ಕದಾಗೆ ಬರಲ್ಲ. ನಿಮ್ಮದೊಂದೇ."

ಅವರು ಅಚ್ಚನ್ನು ನೋಡಿದರು, ಬೊಡ್ಡೆಯನ್ನು ನೋಡಿದರು. ಪೆನ್ಸಿಲನ್ನು ಬೊಡ್ಡೆಯ ಮೇಲಿಟ್ಟು, "ನನ್ನ ಹೆಸರು ಬ್ಯಾಡ," ಎಂದರು.

ಆ ಅಚ್ಚು ಬೆಂಗಳೂರಿಗೆ ಹೋಗಲಿಲ್ಲ. ಚೌಕಟ್ಟು ಹಾಕಿಸಿ ದಾವಣಗೆರೆಯ ನಮ್ಮ ಮನೆಯ ಹಾಲ್‌ನಲ್ಲಿ, ಅವರ ಕುರ್ಚಿಯ ಎದುರಿಗೇ ತೂಗುಹಾಕಿದ್ದೇನೆ. ಮನೆಗೆ ಬಂದವರು ಅದರ ಮುಂದೆ ನಿಲ್ಲದೆ ಹೋಗುವುದಿಲ್ಲ.

"ಎಷ್ಟು ಚೆಂದ ಐತ್ರಿ! ಕೆಳಗೆ ಹೆಸರೇ ಇಲ್ಲಲ್ಲ, ಯಾರು ಮಾಡಿದ್ದು?"

"ಇವರನ್ನೇ ಕೇಳ್ರಿ," ಎನ್ನುತ್ತೇನೆ ನಾನು.

ಮಹಾಂತೇಶ್ ನೀರಿನ ಮೋಟರ್ ಹಾಕಿ ಬರುತ್ತೇನೆಂದು ಎದ್ದು ಒಳಗೆ ಹೋಗುತ್ತಾರೆ.