ಏಟಿಗೆ ಮುಂಚಿನ ಸದ್ದು

ಎಡಗಿವಿಯ ಮೇಲೆ ಏನೋ ಕಚಗುಳಿ, ಹೆಡ್‌ಫೋನಿನ ಸ್ಪಂಜು ಹರಿದಿರಬೇಕು, ತುರಿಸಿಕೊಳ್ಳೋಣವೆಂದರೆ ಮಗಳು ಸುಧಾ ನೋಡುತ್ತಿದ್ದಾಳೆ, ಅಪ್ಪ ನೆಪ ಹುಡುಕುತ್ತಿದ್ದಾರೆ ಅಂದುಕೊಳ್ಳುತ್ತಾಳೆ, ಕಚಗುಳಿಯಾದರೆ ಆಗಲಿ, ಕಣ್ಣು ಮಾತ್ರ ತೆರೆಯಬಾರದು, ಕಣ್ಣು ಮುಚ್ಚಿದರೇ ಕಿವಿ ಬಿಚ್ಚುವುದು — ಇದು ಐದನೆಯದೋ ಆರನೆಯದೋ, ಚುಂಚನಕಟ್ಟೆಯ ಚಿಕ್ಕಬೀರಮ್ಮಕ್ಕನ ಸೋಬಾನೆ ಮತ್ತೆ ಮೊದಲಿಂದ, ಮತ್ತೆ ಅದೇ ಗಂಟಲು, ಕಂಪ್ಯೂಟರ್ ಕಲಿಸುವ ಕನಕರಾಜು ಹಾಡು ನಿಲ್ಲಿಸಿ ಕೇಳುತ್ತಾನೆ, ರುದ್ರಸ್ವಾಮಣ್ಣ, ಇದು ಪೂರ್ತಿದಾ, ಹಿಂಡಿದ್ದಾ? ಪೂರ್ತಿದು ಕಣಯ್ಯ ಅನ್ನುತ್ತೇನೆ, ಜೋರಾಗಿ, ಅನುಮಾನವೇ ಇಲ್ಲದವನ ಹಾಗೆ, ಅವನು ಕಾಗದದ ಮೇಲೆ ಗೀಚಿಕೊಳ್ಳುತ್ತಾನೆ, ಸರಿಯೋ ತಪ್ಪೋ ಅವನಿಗೂ ಈಗ ಗೊತ್ತಿಲ್ಲವಂತೆ, ಎರಡನ್ನೂ ಕಂಪ್ಯೂಟರೇ ಕಲಸಿ ಹಾಕುತ್ತದಂತೆ, ಹತ್ತು ಸಲ ಆದಮೇಲೇ ಲೆಕ್ಕ ಹೇಳುತ್ತದಂತೆ. ಈ ಪಂಥ ಕಟ್ಟಿಸಿದ್ದು ನನ್ನ ಬಾಯೇ. ಕೆ.ಆರ್. ನಗರದ ಬಸ್ ಸ್ಟ್ಯಾಂಡಿನೆದುರಿನ ನಮ್ಮ ಕ್ಯಾಸೆಟ್ ಅಂಗಡಿಯಲ್ಲಿ ಇನ್ನುಮೇಲೆ ಎಂಪಿತ್ರೀ ಸೀಡಿಯೇ ಮಾಡೋಣ, ಹಾಡನ್ನು ಹಿಂಡಿ ಚಿಕ್ಕದು ಮಾಡಿದರೆ ಒಂದರಲ್ಲೇ ನೂರು ಹಾಡು ಹಿಡಿಸುತ್ತೆ ಎಂದಳು ಸುಧಾ, ನಾನು ಅದು ಹಾಡಲ್ಲ ಕಣಮ್ಮ ಹಾಡಿನ ಸಿಪ್ಪೆ ಎಂದೆ, ಅವಳು ನಗುತ್ತಾ, ಅಪ್ಪಾ, ಕಬ್ಬು ಹಿಂಡಿದರೆ ಹಾಲು ಉಳಿಯುತ್ತೆ, ಹೋಗೋದೇ ಸಿಪ್ಪೆ, ನಿಮ್ಮ ಕಿವಿಗೆ ಕೇಳದ್ದನ್ನಷ್ಟೇ ಬಿಸಾಕುತ್ತೆ ಎಂದಳು, ನನ್ನ ಕಿವಿಗೆ ಕೇಳದ್ದು ಯಾವುದು ಅಂತ ಆ ಡಬ್ಬಕ್ಕೆ ಹೇಳಿದವರು ಯಾರೇ ಎಂದು ನಾನು ರೇಗಿದೆ, ಹಾಗಾದರೆ ಯಾವುದು ಪೂರ್ತಿದು ಯಾವುದು ಹಿಂಡಿದ್ದು ಅಂತ ಹತ್ತಕ್ಕೆ ಒಂಬತ್ತು ಸರಿ ಹೇಳಿ, ನಿಮ್ಮಿಷ್ಟದಂತೆ ಅಂಗಡಿ, ಇಲ್ಲದಿದ್ದರೆ ನನ್ನಿಷ್ಟದಂತೆ ಎಂದಳು — ಆಗಲಿ ಎಂದುಬಿಟ್ಟೆ.

ಈಗ ಏಳನೆಯದು, ಹಿಂಡಿದ್ದು ಎಂದೆ, ಯಾಕೆ ಹಾಗೆಂದೆ, ಹೋದ ಸಲ ಪೂರ್ತಿದು ಎಂದಿದ್ದೆನಲ್ಲ ಅದಕ್ಕೆ, ಅಯ್ಯೋ ದೇವರೇ, ನಾನು ಕೇಳುತ್ತಲೇ ಇಲ್ಲ, ಊಹೆ ಮಾಡುತ್ತಿದ್ದೇನೆ. ಮೂವತ್ತೈದು ವರ್ಷ ಮೈಕ್ ಸೆಟ್ ಕಟ್ಟಿದವನು, ಸಾಲಿಗ್ರಾಮದ ಮದುವೆಯೊಂದರಲ್ಲಿ ಪಂಕ್ತಿಯಲ್ಲಿ ಪಾಯಸ ಕಲಸುತ್ತಾ ಕೂತವನು ತೆಂಗಿನ ಮರದ ತುದಿಯ ಎಡಗಡೆ ಹಾರ್ನ್ ಸ್ಪೀಕರು ಸೀಳಿದೆ ಎಂದು ಎಂಜಲು ಕೈಯಲ್ಲೇ ಎದ್ದಿದ್ದೆ, ಇಳಿಸಿ ನೋಡಿದರೆ ಕೂದಲೆಳೆಯಷ್ಟು ಬಿರುಕು, ರುದ್ರಸ್ವಾಮಣ್ಣನ ಕಿವಿ ಕಿವಿಯಲ್ಲ ಕಣ್ರಪ್ಪಾ ಎಂದು ಬೀಗರು ಇನ್ನೊಂದು ಸೌಟು ಪಾಯಸ ಬಡಿಸಿದ್ದರು — ಆ ಕಿವಿ ಎಲ್ಲಿ ಹೋಯಿತು, ಐವತ್ತೆಂಟಕ್ಕೇ ಹೊರಟುಹೋಯಿತೇ, ಹೇಳದೆ ಕೇಳದೆ? ಎಂಟು, ಒಂಬತ್ತು, ಹತ್ತು, ಮುಗಿಯಿತು, ಕಣ್ಣು ಬಿಟ್ಟರೆ ಕನಕರಾಜು ಪರದೆ ನೋಡುತ್ತಿದ್ದಾನೆ, ಮೆಲ್ಲಗೆ, ಹತ್ತಕ್ಕೆ ಐದು ಅಣ್ಣ. ಐದು! ನಾಣ್ಯ ಚಿಮ್ಮಿದ್ದರೂ ಅಷ್ಟೇ ಬೀಳುತ್ತಿತ್ತು. ಸುಧಾಳ ಮುಖದಲ್ಲಿ ಗೆದ್ದ ನಗು ಇರುತ್ತದೆಂದುಕೊಂಡಿದ್ದೆ, ಇಲ್ಲ, ಅವಳ ಕಣ್ಣು ತುಂಬಿದೆ, ಬಿಡಿ ಅಪ್ಪ, ಬೆಳಗ್ಗೆ ನಾನೂ ಹೀಗೇ ಕೇಳಿ ನೋಡಿದ್ದೆ, ನನಗೆ ಬಂದಿದ್ದು ನಾಲ್ಕೇ ಎನ್ನುತ್ತಾಳೆ, ನಾಲ್ಕು ಎಂದರೆ ನನಗಿಂತ ಕಮ್ಮಿ, ಎಲ್ಲಿಂದಲೋ ನಗು ಉಕ್ಕಿತು, ಹಾಗಾದ್ರೆ ಗೆದ್ದೋನು ನಾನೇ ಕಣೇ ಎಂದೆ, ಮೂವರೂ ನಕ್ಕೆವು.

ನಗುತ್ತಿರುವಾಗಲೇ ಬಾಗಿಲಲ್ಲಿ ಚಿಕ್ಕಬೀರಮ್ಮಕ್ಕ, ಹೋದ ವಾರ ಇದೇ ಅಂಗಡಿಯ ಹಿಂದಿನ ಕೋಣೆಯಲ್ಲಿ, ಸದ್ದು ಮಾರ್ದನಿಸದಿರಲೆಂದು ನಾವು ಗೋಡೆಗೆಲ್ಲ ಕೌದಿ ಇಳಿಬಿಟ್ಟಿದ್ದಾಗ, ಕೈಯಲ್ಲಿ ತಾಳ ಹಿಡಿದು ಹಾಡಿಹೋದವಳು, ಮೊಮ್ಮಗಳು ರಮ್ಯಳ ಮದುವೆಗೆ ತನ್ನ ಹಾಡು ಸೀಡಿಯಾಗಿ ಬೇಕಂತೆ, ಏನ್ರಪ್ಪಾ ಇಂಗ್ ನಗ್ತಾ ಕೂತಿದ್ದೀರಿ, ಆಯ್ತಾ ನನ್ ಹಾಡು? ಕೇಳಿ ನೋಡಕ್ಕ ಎಂದು ಹೆಡ್‌ಫೋನು ಸೆರಗಿನ ಮೇಲೆಯೇ ತೊಡಿಸಿದೆ, ಒಂದು ಕೇಳಿದಳು, ತಲೆದೂಗಿದಳು, ಇನ್ನೊಂದು ಹಾಕಿದ ಕೂಡಲೇ ಹುಬ್ಬು ಗಂಟಿಕ್ಕಿದಳು, ಇದ್ಯಾಕಪ್ಪಾ ನನ್ ತಾಳ ಇಂಗಾಗದೆ, ಇದ್ರಲ್ಲಿ ಏಟು ಬೀಳಕ್ಕೆ ಮುಂಚೇನೆ ಸದ್ದು ಬತ್ತದೆ ಕಣಪ್ಪ! ಕನಕರಾಜು ಕುರ್ಚಿಯಿಂದ ಎದ್ದೇಬಿಟ್ಟ. ಏಟಿಗೆ ಮುಂಚೆ ಸದ್ದು ಹೇಗಕ್ಕ ಬರುತ್ತೆ ಎಂದು ನಾನು, ನಂಗೇನ್ ಗೊತ್ತು, ಬತ್ತದೆ, ಚಿಟಿಕೆಯಷ್ಟು, ಧೂಳ್ ಎದ್ದಂಗೆ, ಆಮ್ಯಾಕೆ ಏಟು. ಅವನು ಮತ್ತೆ ಕಲಸಿ ಹಾಕಿದ, ಅವಳು ಕುಂತಲ್ಲೇ ಎಲೆ ಅಡಿಕೆ ಅಗಿಯುತ್ತಾ, ಇದು ನಂದು, ಇದು ಧೂಳಿಂದು, ನಂದು, ನಂದು, ಧೂಳಿಂದು — ಹತ್ತಕ್ಕೆ ಹತ್ತು! ಕನಕರಾಜು ಕೈಯಾಡಿಸಿಕೊಂಡು ವಿವರಿಸಿದ, ಕಂಪ್ಯೂಟರ್ ಸದ್ದನ್ನು ತುಂಡು ತುಂಡು ಮಾಡಿ ಹಿಂಡುತ್ತದೆ, ತುಂಡಿನ ಕೊನೆಯಲ್ಲಿ ಏಟು ಬಿದ್ದರೆ ಅದರ ಚೂರು ಹಿಂದಿನ ಮೌನಕ್ಕೂ ಚೆಲ್ಲುತ್ತದೆ, ಪುಸ್ತಕದಲ್ಲಿ ಓದಿದ್ದೆ, ಕೇಳಿದವರನ್ನು ಇವತ್ತೇ ಕಂಡೆ ಎಂದ. ತಾಳವಿಲ್ಲದ ಇನ್ನೊಂದು ಹಾಡಿನ ಪೂರ್ತಿದು, ಹಿಂಡಿದ್ದು ಎರಡನ್ನೂ ಸುಧಾ ಹಾಕಿ ಕೇಳಿಸಿದಳು, ಇದರಲ್ಲಿ ಹೇಳಜ್ಜಿ, ಅಜ್ಜಿ ಬಹಳ ಹೊತ್ತು ಕೇಳಿ ತಲೆಯಾಡಿಸಿದಳು, ಇಲ್ಲ ಕಣವ್ವ, ಎಲ್ಡೂ ನಾನೇ.

ಎರಡೂ ಅವಳೇ, ತಾಳ ಇರುವಲ್ಲಿ ಮಾತ್ರ ಒಂದು ಅವಳಲ್ಲ, ಸುಧಾ ಹೇಳಿದ್ದೂ ನಿಜ ನಾನು ಹೇಳಿದ್ದೂ ನಿಜ, ನನ್ನ ಕಿವಿ ಸತ್ತಿಲ್ಲ, ಎಲ್ಲಿ ಕೇಳಬೇಕೆಂದು ಅದಕ್ಕೆ ಗೊತ್ತಿರಲಿಲ್ಲ ಅಷ್ಟೇ, ನಾನು ಗಂಟಲಿನ ಹಿಂದೆ ಓಡುತ್ತಿದ್ದೆ, ನನಗೂ ಹೇಳಿಕೊಡಕ್ಕ ಎಂದೆ, ನಾಚಿಕೆಯಾಗಲಿಲ್ಲ, ಮೂವತ್ತೈದು ವರ್ಷದಲ್ಲಿ ಯಾರನ್ನೂ ಹೀಗೆ ಕೇಳಿರಲಿಲ್ಲ, ಅವಳು ಕೈಚೀಲದಿಂದ ತಾಳ ತೆಗೆದಳು, ಕಂಚಿನ ಎರಡು ಪುಟ್ಟ ಬಟ್ಟಲು, ಒಂದರ ಮುಖಕ್ಕೆ ಒಂದನ್ನು ಹಿಡಿದಳು, ಬೆರಳಗಲ ಬಿಟ್ಟು, ಹಾಡ ಕೇಳ್ಬ್ಯಾಡ ಕಣಪ್ಪ, ಇಲ್ಲಿ ಕೇಳು, ಈ ಸಂದಿಲಿ, ಇಲ್ಲಿ ಏನೂ ಇರಬಾರ್ದು — ಮತ್ತೆ ಹೆಡ್‌ಫೋನು, ಕಚಗುಳಿ ಇದೆಯೋ ಇಲ್ಲವೋ ಮರೆತೇಹೋಗಿದೆ, ಬಂತು, ಇಗೋ ಧೂಳು, ಏಟಿಗೆ ಒಂದು ಉಸಿರು ಮುಂಚೆ, ಧೂಳಿಂದು ಎಂದು ಕೂಗಿದೆ, ಬಸ್ ಸ್ಟ್ಯಾಂಡಿನವರು ತಿರುಗಿ ನೋಡಿದರು, ಹತ್ತಕ್ಕೆ ಎಂಟು, ಅಪ್ಪಾ ಎಂಟು ಎಂದು ಸುಧಾ ನನ್ನ ಹೆಗಲು ಹಿಡಿದು ಕುಣಿದಳು, ಅಂಗಡಿ ನಿನ್ನಿಷ್ಟದಂತೆಯೇ ನಡೆಯಲಿ ಕಣಮ್ಮ, ನೂರು ಹಾಡು ಕೇಳುವವರಿಗೆ ನೂರು ಕೊಡು ಎಂದೆ, ಅವಳು, ಅಜ್ಜಿಯದು ಮಾತ್ರ ಪೂರ್ತಿ ಇಡೋಣ ಅಪ್ಪ, ಒಂದು ಚೂರೂ ಕೀಳದೆ, ಎಂದಳು, ಮದುವೆಗೂ ಅದೇ ಹೋಗಲಿ. ಕನಕರಾಜು ಟೀ ತರಿಸಲು ಹೋದ, ಚಿಕ್ಕಬೀರಮ್ಮಕ್ಕ ಹೊಸ ಹಾಡು ನೆನಪಾಯಿತೆಂದು ಕಾಲು ಮಡಿಸಿ ಕೂತಳು, ತಾಳ ಎತ್ತಿದಳು, ಕಂಚಿನ ಮೇಲೆ ಬಾಗಿಲ ಬಿಸಿಲು, ಎರಡು ಬಟ್ಟಲು, ನಡುವೆ ಬೆರಳಗಲ, ಇನ್ನೂ ತಾಗಿಲ್ಲ, ಇನ್ನೂ ಏನೂ ಇಲ್ಲ, ಎರಡು ಬಟ್ಟಲು, ನಡುವೆ —