ಕಿಟಕಿ ಇಲ್ಲದ ಕ್ಯಾಬಿನ್

ಆ ಪ್ರವಾಸಿ ಹಡಗಿನಲ್ಲಿ ಅತ್ಯಂತ ನಿಶ್ಶಬ್ದವಾದ ಕ್ಯಾಬಿನ್ ಯಾವುದೆಂದು ಕೇಳಿದರೆ ನಾನು ಈಗಲೂ ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ. ಯಾರೂ ಕೇಳುವುದಿಲ್ಲ, ಅದು ಬೇರೆ ಮಾತು.

ಮೌನದ ವಿಷಯದಲ್ಲಿ ನಾನು ಬಲ್ಲವನೆಂದೇ ತಿಳಿದುಕೊಂಡಿದ್ದೆ. ತತ್ತ್ವಶಾಸ್ತ್ರದಲ್ಲಿ ಎಂ.ಎ. ಮಾಡಿದವನಿಗೆ ಕೆಲಸ ಕೊಡುವವರು ಕಡಿಮೆ. ನನಗೆ ಕೊಟ್ಟಿದ್ದು ಒಂದು ಕಿವಿ ಪರೀಕ್ಷೆಯ ಕೇಂದ್ರ. ಅಲ್ಲಿ ಗೋಡೆಗೆಲ್ಲ ಸ್ಪಂಜು ಹೊದಿಸಿದ ಪುಟ್ಟ ಕೋಣೆಯೊಂದಿದೆ. ಕಿವಿ ಮಂದವಾದವರು ಹೆಡ್‌ಫೋನ್ ಹಾಕಿಕೊಂಡು ಅದರೊಳಗೆ ಕೂರುತ್ತಾರೆ. ನಾನು ಗಾಜಿನ ಹೊರಗೆ ಕೂತು ಸಣ್ಣ ಸಣ್ಣ ಸದ್ದು ಕಳಿಸುತ್ತೇನೆ. ಕೇಳಿಸಿದರೆ ಅವರು ಗುಂಡಿ ಒತ್ತಬೇಕು. ಯಾರೂ ಇಲ್ಲದ ಹೊತ್ತಿನಲ್ಲಿ ನಾನು ಅದೇ ಕೋಣೆಯೊಳಗೆ ಬಾಗಿಲು ಹಾಕಿಕೊಂಡು ಊಟ ಮಾಡುತ್ತೇನೆ. ಒಮ್ಮೆ ಡಾಕ್ಟರು ಒಬ್ಬ ಅಜ್ಜನನ್ನು ಕರೆತಂದು ಬಾಗಿಲು ತೆರೆದಾಗ ನಾನು ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಅಗಿದರೆ ಸದ್ದಾಗುತ್ತದಲ್ಲ ಎಂಬ ಚಿಂತೆಯಲ್ಲಿ ತುತ್ತನ್ನು ಬಾಯಲ್ಲೇ ಹಿಡಿದು ಕೂತಿದ್ದೆ. ಊರವರ ಕಿವಿ ನೋಡುವವನಿಗೆ ಹೆಂಡತಿಯ ಮಾತು ಕೇಳಿಸುವುದಿಲ್ಲ ಎಂಬ ತಮಾಷೆಯನ್ನು ನಮ್ಮತ್ತೆ ಮದುವೆಯಾದ ಹೊಸತರಲ್ಲೇ ಮಾಡಿ ಮುಗಿಸಿದ್ದರು. ಹಾಗಾಗಿ ನೀವು ಮಾಡಬೇಕಾಗಿಲ್ಲ.

ನನ್ನ ಹೆಂಡತಿ ನಗರದ ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುತ್ತಾಳೆ. ದಿನವಿಡೀ ಸೀಟಿ ಊದಿ, ಕೂಗಿ, ನೀರಿಗಿಳಿಯದೆ ಅಳುವವರನ್ನು ರಮಿಸಿ, ಇಳಿದ ಮೇಲೆ ಹತ್ತಲೊಲ್ಲದವರನ್ನು ಗದರಿಸಿ, ಸಂಜೆ ಕೆಟ್ಟ ಗಂಟಲಿನೊಂದಿಗೆ ಮನೆಗೆ ಬರುತ್ತಾಳೆ. ಬಿಸಿನೀರು ಕುಡಿದು ಸುಮ್ಮನೆ ಕೂರುತ್ತಾಳೆ. ನಾನೂ ಪಕ್ಕದಲ್ಲಿ ಸುಮ್ಮನೆ ಕೂರುತ್ತೇನೆ. ಇದನ್ನು ನಾನು ದಾಂಪತ್ಯದ ಪರಮಸ್ಥಿತಿ ಎಂದು ಭಾವಿಸಿದ್ದೆ. ಇದರ ಬಗ್ಗೆ ಒಂದು ಪ್ರಬಂಧ ಬರೆಯಬೇಕೆಂದೂ ಇತ್ತು. ಅವಳು ಸುಮ್ಮನಿರುವುದಕ್ಕೆ ಆ ಗಂಟಲೊಂದೇ ಕಾರಣವಿರಬಹುದೆಂದು ಹೊಳೆದೇ ಇರಲಿಲ್ಲ.

ಒಂದು ಸಂಜೆ ನಾನು ಈರುಳ್ಳಿ ಹೆಚ್ಚುತ್ತಿದ್ದಾಗ ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಸುದ್ದಿ ಹೇಳಿದಳು. ರೈಲಿನಲ್ಲಿ ಒಂದು ಇಡೀ ದಿನದ ದಾರಿಯ ಊರೊಂದರಲ್ಲಿ ಹೊಸ ಈಜುಕೇಂದ್ರ ತೆರೆಯುತ್ತಿದ್ದಾರೆ, ಅದನ್ನು ನೋಡಿಕೊಳ್ಳಲು ಅವಳನ್ನು ಕರೆದಿದ್ದಾರೆ. ಹೋದರೆ ಅಲ್ಲೇ ಇರಬೇಕು. ಮುಂದಿನ ತಿಂಗಳೊಳಗೆ ಹೂಂ ಅಥವಾ ಉಹೂಂ ಹೇಳಬೇಕು. ಅವಳಿಲ್ಲದ ಈ ಮನೆಯನ್ನು ಕಲ್ಪಿಸಿಕೊಂಡೆ. ನಾನು ಅಷ್ಟು ಪ್ರೀತಿಸುವ ಮೌನವೇ ಅಲ್ಲಿ ತುಂಬಿತ್ತು, ಆದರೆ ಅದನ್ನು ಹಂಚಿಕೊಳ್ಳಲು ಯಾರೂ ಇರಲಿಲ್ಲ. ಇಷ್ಟೆಲ್ಲ ಕಲ್ಪಿಸಿಕೊಂಡ ಮೇಲೆ ನಾನು ಬಾಯಿಬಿಟ್ಟು ಹೇಳಿದ್ದು ಒಂದೇ ಮಾತು.

"ನಿನ್ನಿಷ್ಟ."

"ಅಷ್ಟೇನಾ?" ಎಂದಳು.

ಅಷ್ಟೇ ಎಂಬಂತೆ ತಲೆಯಾಡಿಸಿದೆ. ಹೆಂಡತಿಯ ದಾರಿಗೆ ಅಡ್ಡ ಬರದ ಗಂಡ! ನನ್ನ ಔದಾರ್ಯಕ್ಕೆ ನಾನೇ ಕರಗಿ ಕಣ್ಣು ತುಂಬಿಕೊಂಡೆ. ಅವಳು ಅದನ್ನು ಈರುಳ್ಳಿಯ ಖಾರವೆಂದುಕೊಂಡಿರಬೇಕು.

ಮರುವಾರ ಅವಳೇ ಹಡಗಿನ ಪ್ರವಾಸದ ಮಾತು ತೆಗೆದಳು. ಉತ್ತರ ಕೊಡುವ ಮೊದಲು ಎಲ್ಲಾದರೂ ಹೋಗಿ, ಸಮುದ್ರ ನೋಡುತ್ತಾ ಕೂತು ಮಾತಾಡೋಣ ಎಂದಳು. ಈ ವಾಕ್ಯದಲ್ಲಿ ಸಮುದ್ರವಿತ್ತು, ನೋಡುವುದಿತ್ತು, ಮಾತಾಡುವುದಿತ್ತು. ನನ್ನ ತಲೆಗೆ ಹೋದದ್ದು ಕೂರುವುದು ಮಾತ್ರ. ಕ್ಯಾಬಿನ್ ನೀನೇ ಆರಿಸು ಎಂದಳು. ಅತ್ತೆ ತಾವೂ ಬರುವುದಾಗಿ ತಿಳಿಸಿದರು. ಬರಲೇ ಎಂದು ಅವರು ಕೇಳಿರಲಿಲ್ಲ, ಬನ್ನಿ ಎಂದು ನಾವೂ ಕರೆದಿರಲಿಲ್ಲ. ಆದರೂ ಎಲ್ಲರಿಗೂ ಅದು ಸರಿಯೆನ್ನಿಸಿತು.

ನಾನು ಹಡಗಿನ ನಕ್ಷೆಯನ್ನು ದೊಡ್ಡ ಹಾಳೆಗಳಲ್ಲಿ ಮುದ್ರಿಸಿಕೊಂಡು ಊಟದ ಮೇಜಿನ ಮೇಲೆ ಹರಡಿದೆ. ಎಂ.ಎ. ಪರೀಕ್ಷೆಗೂ ನಾನು ಹಾಗೆ ಓದಿರಲಿಲ್ಲ. ಮುಂಭಾಗ ಬೇಡ, ಬಂದರು ಬಂದಾಗ ಲಂಗರಿನ ಸರಪಳಿ ಗಡಗಡ ಎನ್ನುತ್ತದೆ. ಹಿಂಭಾಗ ಬೇಡ, ಅಲ್ಲಿ ಎಂಜಿನ್ನಿನ ನಡುಕ. ಲಿಫ್ಟಿನ ಹತ್ತಿರ ಹೋಗುವ ಬರುವವರ ಹರಟೆ. ಊಟದ ಹಾಲ್ ಮೇಲಿದ್ದರೆ ಬೆಳಗಾಗುವ ಮೊದಲೇ ಕುರ್ಚಿ ಜೋಡಿಸುತ್ತಾರೆ. ಈಜುಕೊಳ ಮೇಲಿದ್ದರಂತೂ ದೇವರೇ ಗತಿ, ಬಿಸಿಲಿಗೆ ಮೈ ಕಾಯಿಸಲು ಬಂದವರು ಇಡೀ ದಿನ ಕುರ್ಚಿ ಎಳೆಯುತ್ತಲೇ ಇರುತ್ತಾರೆ. ಹೀಗೆ ಒಂದೊಂದಕ್ಕೂ ಕೆಂಪು ಪೆನ್ಸಿಲ್ ಬಳಿಯುತ್ತಾ ಬಂದರೆ ಕೊನೆಗೆ ಹಡಗಿನ ಹೊಟ್ಟೆಯ ನಟ್ಟನಡುವೆ ಒಂದೇ ಒಂದು ಬಿಳಿ ಚೌಕ ಉಳಿಯಿತು. ಮೇಲೆ ಕ್ಯಾಬಿನ್, ಕೆಳಗೆ ಕ್ಯಾಬಿನ್, ಎಡಬಲಕ್ಕೆ ಕ್ಯಾಬಿನ್. ಹೊರಗೋಡೆಯ ಸಂಪರ್ಕವೇ ಇಲ್ಲ. ಗಂಟಲು ನೊಂದ ನನ್ನ ಹೆಂಡತಿಗೆ ಇದಕ್ಕಿಂತ ದೊಡ್ಡ ಉಡುಗೊರೆ ಯಾರು ಕೊಟ್ಟಾರು ಎಂದುಕೊಂಡೆ.

ಟಿಕೆಟ್ ಕಚೇರಿಗೆ ಮೂವರೂ ಹೋದೆವು. ಗಣಕದ ಮುಂದೆ ಕೂತಿದ್ದ ಹೆಂಗಸು ನಾನು ಬೆರಳಿಟ್ಟ ಚೌಕವನ್ನು ನೋಡಿ, ತಪ್ಪಿ ಒತ್ತಿರಬಹುದೆಂದು ಇನ್ನೊಮ್ಮೆ ಕೇಳಿದಳು. ಅದಕ್ಕೆ ಕಿಟಕಿ ಇಲ್ಲ ಎಂದಳು. ಗೊತ್ತು ಎಂದೆ. ಬೆಳಗಾಯಿತೋ ಸಂಜೆಯಾಯಿತೋ ತಿಳಿಯುವುದಿಲ್ಲ ಎಂದಳು. ಗಡಿಯಾರ ಇದೆಯಲ್ಲ ಎಂದೆ. ಅವಳು ಪರದೆಯನ್ನು ನನ್ನ ಹೆಂಡತಿಯ ಕಡೆ ತಿರುಗಿಸಿದಳು.

"ಮೇಡಂ, ನಿಮಗೆ ಸರಿನಾ?"

ನನ್ನ ಹೆಂಡತಿ ಗೋಡೆಯ ಮೇಲಿದ್ದ ಸಮುದ್ರದ ಚಿತ್ರ ನೋಡುತ್ತಿದ್ದಳು. ಸ್ವಲ್ಪ ಹೊತ್ತು ಬಿಟ್ಟು, "ಅವರಿಗೆ ಸರಿ ಅನ್ನಿಸಿದ್ರೆ ಸರಿ" ಎಂದಳು.

ಆ ಸ್ವಲ್ಪ ಹೊತ್ತನ್ನು ನಾನು ತೃಪ್ತಿ ಎಂದು ಓದಿಕೊಂಡೆ. ಆ ವಿಷಯದಲ್ಲಿ ನಾನು ಬಲ್ಲವನಲ್ಲವೇ?

ಅತ್ತೆ ನಕ್ಷೆಯನ್ನು ಕನ್ನಡಕವಿಲ್ಲದೆಯೇ ನೋಡಿ, ತಮಗೆ ಜನ ಓಡಾಡುವ ಕಡೆ ಬೇಕೆಂದರು. ಬಾಗಿಲು ತೆರೆದರೆ ನಾಲ್ಕು ಮುಖ ಕಾಣಬೇಕು, ಹಿಂದೆ ಬಾಲ್ಕನಿ ಇರಬೇಕು. ಅವರಿಗೆ ಸಿಕ್ಕಿದ್ದು ಲಿಫ್ಟಿನ ಮಗ್ಗುಲು, ಈಜುಕೊಳದ ಕೆಳಗೆ. ನನ್ನ ನಕ್ಷೆಯಲ್ಲಿ ಅದು ರಕ್ತದಷ್ಟು ಕೆಂಪಾಗಿತ್ತು. ಕುರ್ಚಿ ಎಳೆಯುತ್ತಾರೆ ಎಂದು ಎಚ್ಚರಿಸಿದೆ.

"ಎಳೀಲಿ ಬಿಡಿ ಅಳಿಯಂದಿರೇ. ನನ್ನ ತಲೆ ಮೇಲೇನು ಎಳೀತಾರಾ?"

ಸರಿಯಾಗಿ ತಲೆಯ ಮೇಲೇ ಎಳೆಯುತ್ತಾರೆಂದು ನಕ್ಷೆಯಲ್ಲಿ ತೋರಿಸಿದೆ. ಅವರು ಟಿಕೆಟ್ ಕಚೇರಿಯ ಹೆಂಗಸಿನ ಸೀರೆ ಎಲ್ಲಿಯದೆಂದು ಕೇಳುತ್ತಿದ್ದರು.

ನಮ್ಮ ಕ್ಯಾಬಿನ್ ನಾನು ಬಯಸಿದಂತೆಯೇ ಇತ್ತು. ಬಾಗಿಲು ಹಾಕಿದ ಕೂಡಲೇ ಲೋಕ ನಿಂತುಹೋಯಿತು. ಎರಡು ಹಾಸಿಗೆ, ಒಂದು ದೀಪ, ಗೋಡೆಗೆ ಅಂಟಿದ ಪುಟ್ಟ ಮೇಜು. ಎದುರಿನ ಗೋಡೆಯ ಮೇಲೆ ನೀಲಿ ಪರದೆಯೊಂದು ಇಳಿಬಿದ್ದಿತ್ತು. ನನ್ನ ಹೆಂಡತಿ ಚೀಲ ಕೆಳಗಿಟ್ಟು ನೇರ ಹೋಗಿ ಪರದೆ ಸರಿಸಿದಳು. ಹಿಂದೆ ಗೋಡೆಯಿತ್ತು. ಕ್ಯಾಬಿನ್ನಿಗೆ ಕಿಟಕಿ ಇದ್ದಂತೆ ಕಾಣಲಿ ಎಂದು ಯಾರೋ ಪುಣ್ಯಾತ್ಮರು ಪರದೆ ಕಟ್ಟಿದ್ದರು. ಅವಳು ಅದರ ನೆರಿಗೆಗಳನ್ನು ಒಂದೊಂದಾಗಿ ಸರಿಪಡಿಸಿ ಮತ್ತೆ ಮುಚ್ಚಿದಳು. ಅಮ್ಮನನ್ನು ನೋಡಿಕೊಂಡು ಬರುತ್ತೇನೆ ಎಂದು ಹೋದಳು.

ಹೋದವಳು ಊಟದ ಹೊತ್ತಿಗೆ ಸಿಕ್ಕಳು. ಊಟವಾದ ಮೇಲೆ ಮತ್ತೆ ಹೋದಳು. ಸಮುದ್ರ ಇವತ್ತು ಚೆನ್ನಾಗಿದೆ, ನೀನೂ ಬಾ ಎಂದಳು. ನಾನು ಬರುತ್ತೇನೆ ಎಂದು ಹೇಳಿ ಹೋಗಲಿಲ್ಲ. ತಾಯಿ ಮಗಳ ನಡುವೆ ನಾನೇಕೆ ಎಂದುಕೊಂಡೆ. ಇದೂ ಔದಾರ್ಯವೇ. ಮೊದಲು ಅವಳ ಪುಸ್ತಕ ಮೇಲಕ್ಕೆ ಹೋಯಿತು, ಆಮೇಲೆ ಶಾಲು, ಆಮೇಲೆ ದಿಂಬು.

ನಾನು ಒಬ್ಬನೇ ಕೂತು ನಿಶ್ಶಬ್ದವನ್ನು ಅನುಭವಿಸಿದೆ. ಮೊದಲಿಗೆ ಚೆನ್ನಾಗಿತ್ತು. ನಂತರ ನನ್ನ ಕೈಗಡಿಯಾರ ಕೇಳಿಸತೊಡಗಿತು. ಅದನ್ನು ಬಿಚ್ಚಿ ಚೀಲದೊಳಗಿಟ್ಟೆ. ಆಗ ಹೊಟ್ಟೆಯ ಗುಡುಗುಡು ಕೇಳಿಸಿತು, ಉಗುಳು ನುಂಗಿದ್ದು ಕೇಳಿಸಿತು. ಹಡಗಿನಲ್ಲಿ ಇಷ್ಟು ಗಲಾಟೆ ಮಾಡುವವನು ನಾನೊಬ್ಬನೇ ಎನ್ನಿಸಿತು. ಗಂಭೀರವಾಗಿ ಏನಾದರೂ ಯೋಚಿಸೋಣವೆಂದು ಮಲಗಿದರೆ ಒಂದೇ ಯೋಚನೆ: ಅವಳು ಹೋಗುತ್ತಾಳೋ ಏನೋ. ಇದನ್ನು ಕೇಳಬೇಕಾದವಳು ಮೇಲಿದ್ದಳು. ನಾನು ಪರದೆಯನ್ನು ಕೇಳುತ್ತಿದ್ದೆ.

ಪ್ರವಾಸದ ಕೊನೆಯ ದಿನಕ್ಕೆ ಮುಂಚಿನ ಬೆಳಿಗ್ಗೆ ಮುಖ ತೊಳೆಯಲು ಹೋದರೆ ಗಾಜಿನ ಲೋಟದಲ್ಲಿ ಒಂದೇ ಹಲ್ಲುಜ್ಜುವ ಬ್ರಷ್ ಇತ್ತು. ನನ್ನದು. ದಿಂಬು ಹೋದಾಗ ಅರ್ಥವಾಗದ್ದು ಈಗ ಅರ್ಥವಾಯಿತು. ಅವಳು ರೈಲು ಹತ್ತಿ ಹೋಗಬೇಕಾಗಿಯೇ ಇರಲಿಲ್ಲ, ಲಿಫ್ಟ್ ಹತ್ತಿಯೇ ಹೋಗಿಬಿಟ್ಟಿದ್ದಳು. ಅವಳು ಬಿಟ್ಟು ಹೋಗುವಂಥ ಕ್ಯಾಬಿನ್ ಆರಿಸಿಕೊಟ್ಟವನು ನಾನೇ. ಬಾಯಲ್ಲಿ ಪೇಸ್ಟಿನ ನೊರೆ ಇರುವಾಗಲೇ ಹೊರಟೆ. ಲಿಫ್ಟಿನಲ್ಲಿ ಅಂಗಿಯ ತೋಳಿನಲ್ಲಿ ಒರೆಸಿಕೊಂಡೆ.

ಬಾಗಿಲು ತೆರೆದವರು ಅತ್ತೆ. ತಲೆಯ ಮೇಲೆ ನಿಜಕ್ಕೂ ಯಾರೋ ಕುರ್ಚಿ ಎಳೆಯುತ್ತಿದ್ದರು, ಮಕ್ಕಳು ಕಿರುಚುತ್ತಿದ್ದರು. ಬಾಲ್ಕನಿಯ ಗಾಜಿನಾಚೆ ನನ್ನ ಹೆಂಡತಿಯ ಬೆನ್ನು ಕಾಣುತ್ತಿತ್ತು. ಅತ್ತೆ ದನಿ ತಗ್ಗಿಸಲಿಲ್ಲ. ಅವರಿಗೆ ಆ ಅಭ್ಯಾಸವಿಲ್ಲ.

"ನೋಡಿ ಅಳಿಯಂದಿರೇ, ಅವಳು ಆ ಕೆಲಸಕ್ಕೆ ಹೂಂ ಅನ್ನೋದು ಅಂತ ತೀರ್ಮಾನ ಮಾಡಾಯ್ತು. ನಿನ್ನ ಗಂಡ ಬರ್ತಾನೇನೇ ಅಂದ್ರೆ, ಗೊತ್ತಿಲ್ಲಮ್ಮ, ಅವರು ಹೇಳಿಲ್ಲ ಅಂತಾಳೆ. ಇದೇನ್ರೀ ಸಂಸಾರ? ನಾನಂತೂ ನಿಮ್ಮ ಮಾವನವರ ಜೊತೆ ದಿನಾ ಜಗಳ ಆಡಿದೀನಿ, ಆದ್ರೆ ಅವರು ಊರಲ್ಲಿದಾರೋ ಇಲ್ಲವೋ ಅಂತಾದ್ರೂ ಗೊತ್ತಿರ್ತಿತ್ತು."

ಇಷ್ಟು ಹೇಳಿ ಅವರು ಚಪ್ಪಲಿ ಮೆಟ್ಟಿಕೊಂಡರು. ಎಲ್ಲಿಗೆ ಎಂದೆ. ಈ ಕುರ್ಚಿ ಎಳೆಯುವವರು ಯಾರು, ನೋಡಿ ಮಾತಾಡಿಸಿಕೊಂಡು ಬರುತ್ತೇನೆ ಎಂದು ಹೊರಟುಹೋದರು.

ಬಾಲ್ಕನಿಗೆ ಹೋದೆ. ಗಾಳಿ ಅಂಗಿಯೊಳಗೆ ನುಗ್ಗಿ ನನ್ನನ್ನು ಬಲೂನಿನಂತೆ ಉಬ್ಬಿಸಿತು. ಕೆಳಗೆ ನೀರು, ಎದುರಿಗೆ ನೀರು, ಕಣ್ಣು ಹಾಯಿಸಿದಷ್ಟೂ ನೀರು. ಈ ಹಡಗು ಸಮುದ್ರದ ಮೇಲಿದೆ ಎಂಬುದನ್ನು ಇಷ್ಟು ದಿನ ನಾನು ನಂಬಿಕೆಯ ಮೇಲೆ ಒಪ್ಪಿಕೊಂಡಿದ್ದೆ. ಮೇಲಿನಿಂದ ಒಂದು ಮಗು ಚೀರಿತು, ನಾನು ಬೆಚ್ಚಿದೆ. ಅದು ಹೆದರಿದ್ದಲ್ಲ, ನಾಟಕ, ಎಂದಳು ಹೆಂಡತಿ, ತಿರುಗದೆಯೇ.

ನಾನು ಬಾಲ್ಕನಿಯ ಕಂಬಿ ಹಿಡಿದು ನಿಂತು, ನನ್ನ ಎಂದಿನ ದನಿಯಲ್ಲಿ, ಅಂದರೆ ನನಗೇ ಅರ್ಧ ಕೇಳಿಸುವ ದನಿಯಲ್ಲಿ, ಹೇಳಬೇಕಾದ್ದನ್ನು ಹೇಳಿದೆ.

"ಕೇಳಿಸ್ತಿಲ್ಲ" ಎಂದಳು.

ಇನ್ನೊಮ್ಮೆ ಹೇಳಿದೆ, ತುಸು ಜೋರಾಗಿ. ಮೇಲೆ ಕುರ್ಚಿಯೊಂದು ಕರ್ರನೆ ಸಾಗಿತು.

"ಕೇಳಿಸ್ತಿಲ್ಲ."

ನಿಜಕ್ಕೂ ಕೇಳಿಸಲಿಲ್ಲವೋ, ಮಕ್ಕಳಿಗೆ ಇನ್ನೊಂದು ಸುತ್ತು ಈಜು ಎನ್ನುವಂತೆ ನನಗೂ ಅನ್ನುತ್ತಿದ್ದಳೋ ನನಗೆ ತಿಳಿಯದು. ನಾನು ಹುಟ್ಟಿದಾಗಿನಿಂದ ಕೂಗದವನು ಕೂಗಿದೆ.

"ನೀನು ಹೋದ್ರೆ ನಾನೂ ಬರ್ತೀನಿ. ನೀನಿಲ್ಲದ ಮನೇಲಿ ನನಗೆ ಇರೋಕಾಗಲ್ಲ. ನನಗೆ ಭಯ ಆಗುತ್ತೆ."

ಪಕ್ಕದ ಬಾಲ್ಕನಿಯಲ್ಲಿ ಪತ್ರಿಕೆ ಓದುತ್ತಿದ್ದ ಯಜಮಾನರು ಪತ್ರಿಕೆಯನ್ನು ಕೆಳಗಿಳಿಸಿ ನನ್ನನ್ನು ನೋಡಿದರು. ನಾನು ಅವರಿಗೂ ನಮಸ್ಕಾರ ಮಾಡಿದೆ, ಏಕೆಂದು ಗೊತ್ತಿಲ್ಲ. ಅವರು ಸೌಜನ್ಯದಿಂದ ಒಳಗೆ ಹೋಗಿ ಬಾಗಿಲು ಎಳೆದುಕೊಂಡರು. ಪೂರ್ತಿ ಎಳೆದುಕೊಳ್ಳಲಿಲ್ಲ.

"ಅವತ್ತು ಅಡುಗೆಮನೇಲಿ ನಿನ್ನಿಷ್ಟ ಅಂದ್ಯಲ್ಲ" ಎಂದಳು ಅವಳು. "ಬೇಕಾದ್ರೆ ಹೋಗು, ನನಗೇನು ಅಂತ ಅನ್ಕೊಂಡೆ. ಆಮೇಲೆ ಇಲ್ಲಿಗೆ ಬಂದು ಮಾತಾಡೋಣ ಅಂದ್ರೆ, ಹಡಗಲ್ಲಿ ಹುಡುಕಿ ಹುಡುಕಿ ಒಂದು ಗೋಡೆ ತಂದು ಮುಂದಿಟ್ಟೆ. ನಾನೇನು ಅಂದ್ಕೋಬೇಕು?"

ನಾನು ಅವಳ ಗಂಟಲಿನ ವಿಷಯ ಹೇಳಲು ಹೋದೆ. ತನ್ನ ಗಂಟಲಿಗೆ ಬೇಕಾದ್ದು ಬಿಸಿನೀರು, ಅದನ್ನು ತಾನೇ ಕಾಯಿಸಿಕೊಳ್ಳುತ್ತೇನೆ ಎಂದು ತಿಳಿಸಿದಳು. ಆ ಊರಿನಲ್ಲಿ ಕಿವಿ ಪರೀಕ್ಷೆಯ ಕೇಂದ್ರ ಇದೆಯೋ ನೋಡಿದ್ದೀಯಾ ಎಂದು ಕೇಳಿದಳು. ಇಲ್ಲ ಎಂದೆ. ಅವಳೇ ವಿಚಾರಿಸಿದ್ದಾಳಂತೆ, ಕರೆ ಬಂದ ವಾರವೇ. ಅಲ್ಲಿ ಅಂಥದ್ದು ಯಾವುದೂ ಇಲ್ಲವಂತೆ.

"ಹಾಗಾದ್ರೆ ಬೇರೆ ಏನಾದ್ರೂ ಮಾಡ್ತೀನಿ" ಎಂದೆ.

"ಏನು?"

ತತ್ತ್ವಶಾಸ್ತ್ರದ ಎಂ.ಎ. ಈ ಪ್ರಶ್ನೆಗೆ ಎಂದೂ ಉತ್ತರ ಕೊಟ್ಟಿಲ್ಲ. ಗೊತ್ತಿಲ್ಲ ಎಂದು ಹೇಳಿದೆ, ಅದನ್ನೂ ಜೋರಾಗಿಯೇ.

ಅವಳು ಏನೂ ಅನ್ನಲಿಲ್ಲ. ತುಂಬ ಹೊತ್ತು ನೀರನ್ನೇ ನೋಡುತ್ತಿದ್ದಳು. ಆ ಸುಮ್ಮನಿರುವಿಕೆಯಲ್ಲಿ ನಾಲ್ಕೈದು ಅರ್ಥಗಳು ನನಗೆ ಥಟ್ಟನೆ ಹೊಳೆದವು, ಎಲ್ಲವೂ ಆಳವಾಗಿದ್ದವು. ಅವನ್ನೆಲ್ಲ ಬದಿಗೆ ತಳ್ಳಿ, ಅವಳ ಭುಜ ಮುಟ್ಟಿ, ಏನಂತೀಯ ಎಂದು ಕೇಳಿದೆ.

"ಬಾ" ಎಂದಳು. "ಆದ್ರೆ ಅಲ್ಲಿ ಮನೆ ನಾನು ಹುಡುಕ್ತೀನಿ. ನೀನು ಬಾಯಿ ಹಾಕೋ ಹಾಗಿಲ್ಲ."

ಹಾಕುವುದಿಲ್ಲ ಎಂದು ಮಾತು ಕೊಟ್ಟೆ. ಅವಳು ಪಕ್ಕದ ಕುರ್ಚಿಯನ್ನು ನನ್ನ ಕಡೆಗೆ ತಳ್ಳಿದಳು, ಕೂತೆ. ಸ್ವಲ್ಪ ಹೊತ್ತಾದ ಮೇಲೆ, ಬಾಯಿ ಹಾಕುವ ಉದ್ದೇಶದಿಂದಲ್ಲ, ಸುಮ್ಮನೆ ತಿಳಿದುಕೊಳ್ಳಲೆಂದು, ಆ ಊರಿನಲ್ಲಿ ರೈಲು ಕೂಗುವ ನಿಲ್ದಾಣ ಊರೊಳಗೇ ಇದೆಯೋ ಸ್ವಲ್ಪ ದೂರವೋ ಎಂದು ಕೇಳಿದೆ.